ನೌಕರರ ಸಂಘದ ಚುನಾವಣೆಗೆ ನಿಲ್ಲಲಿರುವ ಮಗಳಿಗೆ

ಚಿ. ಮಾನಸಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ನಿಗದಿತ ಅವಧಿಯ ನೇಮಕ ದೊರೆತು ಇನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲೇ ಸಹೋದ್ಯೋಗಿಗಳು ನೌಕರರ ಸಂಘದ ಚುನಾವಣೆಗೆ ನಿಲ್ಲು ಎನ್ನುತ್ತಿದ್ದಾರೆ, ನಿಂತರೆ ಮೇಲಿನವರ ಕೆಂಗಣ್ಣಿಗೆ ಗುರಿಯಾಗಿ ನೇಮಕ ಮುಂದುವರಿಯದೆ ಹೋದೀತೇ ಎಂದು ಕೇಳಿದ್ದೀಯ. ನಿಲ್ಲು ಎಂಬುದೇ ನನ್ನ ಉತ್ತರ. ಆದರೆ ನೀನು ಕೈಹಾಕುತ್ತಿರುವ ಕೆಲಸ ಎಂಥದ್ದೆಂದು ಮೊದಲು ತಿಳಿದುಕೊ.

ವಿಶ್ವಸಂಸ್ಥೆಯ ಸನ್ನದಿನ 100ನೆಯ ವಿಧಿಯ ಪ್ರಕಾರ ನೀನು ಯಾವ ಸರ್ಕಾರದಿಂದಲೂ ಸೂಚನೆ ಕೇಳುವಂತಿಲ್ಲ, ಪಡೆಯುವಂತಿಲ್ಲ. ಸದಸ್ಯ ರಾಷ್ಟ್ರಗಳೂ ನಿನ್ನ ಕರ್ತವ್ಯದಲ್ಲಿ ಕೈಯಾಡಿಸುವಂತಿಲ್ಲ. ಈ ಸ್ವಾತಂತ್ರ್ಯಕ್ಕೆ ಕಾವಲಾಗಿ 1946ರ ಒಡಂಬಡಿಕೆಯು ಸಂಸ್ಥೆಗೆ ರಾಷ್ಟ್ರೀಯ ನ್ಯಾಯಾಲಯಗಳಿಂದ ವಿನಾಯಿತಿ ಕೊಟ್ಟಿದೆ. ಅದೇ ವಿನಾಯಿತಿಯಿಂದಾಗಿ, ನಾಳೆ ನಿನ್ನ ಸೇವೆಯ ವಿಷಯದಲ್ಲಿ ಅನ್ಯಾಯವಾದರೆ, ಕಚೇರಿ ಇರುವ ದೇಶದ ಕಾರ್ಮಿಕ ನ್ಯಾಯಾಲಯವಾಗಲಿ ನಮ್ಮ ದೇಶದ ನ್ಯಾಯಾಲಯವಾಗಲಿ ನಿನ್ನ ಅಹವಾಲನ್ನು ಕೇಳುವುದಿಲ್ಲ. ನಿನಗೆ ಉಳಿಯುವುದು ಸಂಸ್ಥೆಯ ಒಳಗಿನ ಸೇವಾ ನಿಯಮಗಳು, ಒಳಗಿನ ನ್ಯಾಯಮಂಡಳಿ, ಮತ್ತು ಜೊತೆಯಲ್ಲಿ ನಿಲ್ಲುವ ಸಹೋದ್ಯೋಗಿಗಳು. ಆದ್ದರಿಂದಲೇ ಸಂಘವನ್ನು ಬಿಡುವಿದ್ದವರ ಹವ್ಯಾಸವೆಂದು ಯಾರಾದರೂ ಹೇಳಿದರೆ ನನಗೆ ನೋವಾಗುತ್ತದೆ.

ಈ ವ್ಯವಸ್ಥೆ ತಾನಾಗಿ ಬಂದದ್ದಲ್ಲ. ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದ ಕಾಲದಲ್ಲಿ, 1927ರಲ್ಲಿ, ಜಿನೀವಾದಲ್ಲಿ ಮೊದಲ ಆಡಳಿತ ನ್ಯಾಯಮಂಡಳಿ ಹುಟ್ಟಿತು. ಅದೇ ಮುಂದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನ್ಯಾಯಮಂಡಳಿಯಾಯಿತು. ವಿಶ್ವಸಂಸ್ಥೆ ತನ್ನದನ್ನು 1949ರಲ್ಲಿ ಸ್ಥಾಪಿಸಿತು. ಕೆಲವೇ ವರ್ಷಗಳಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸೆನೆಟ್ಟಿನ ಉಪಸಮಿತಿಯ ಮುಂದೆ, ತಮ್ಮ ವಿರುದ್ಧ ತಾವೇ ಸಾಕ್ಷಿ ಹೇಳದಿರುವ ಸಾಂವಿಧಾನಿಕ ಹಕ್ಕನ್ನು ಮುಂದಿಟ್ಟು ಉತ್ತರಿಸಲು ನಿರಾಕರಿಸಿದ ಅಮೆರಿಕನ್ ನೌಕರರನ್ನು ವಿಶ್ವಸಂಸ್ಥೆಯೇ ಕೆಲಸದಿಂದ ತೆಗೆಯಿತು. ನ್ಯಾಯಮಂಡಳಿ ಅವರಲ್ಲಿ ಹಲವರಿಗೆ ಪರಿಹಾರ ಕೊಡಿಸಿದಾಗ, ಆ ಹಣ ಕೊಡಲೇಬೇಕೇ ಎಂಬ ತಕರಾರು ಸಾಮಾನ್ಯ ಸಭೆಯಲ್ಲಿ ಎದ್ದಿತು. ನ್ಯಾಯಮಂಡಳಿಯ ತೀರ್ಪನ್ನು ಜಾರಿಗೊಳಿಸದೆ ಬಿಡುವ ಹಕ್ಕು ಸಭೆಗಿಲ್ಲವೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1954ರಲ್ಲಿ ಅಭಿಪ್ರಾಯ ಕೊಟ್ಟಿತು. ಇಂದು ನಿನ್ನ ಹಕ್ಕಿಗೆ ಬೆಲೆಯಿದ್ದರೆ ಅದರಲ್ಲಿ ಆ ನೌಕರರು ತೆತ್ತದ್ದೂ ಸೇರಿದೆ.

2009ರ ಜುಲೈಯಿಂದ ಹೊಸ ವ್ಯವಸ್ಥೆ ಜಾರಿಯಲ್ಲಿದೆ: ನ್ಯೂಯಾರ್ಕ್, ಜಿನೀವಾ, ನೈರೋಬಿಗಳಲ್ಲಿ ವಿವಾದ ನ್ಯಾಯಮಂಡಳಿ, ಅದರ ಮೇಲೆ ಮೇಲ್ಮನವಿ ನ್ಯಾಯಮಂಡಳಿ. ಇಲ್ಲಿ ನೀನು ಕಂಠಪಾಠ ಮಾಡಬೇಕಾದ ಸಂಖ್ಯೆಯೊಂದಿದೆ. ಸಾಮಾನ್ಯವಾಗಿ ಆಡಳಿತದ ನಿರ್ಧಾರವೊಂದನ್ನು ಪ್ರಶ್ನಿಸಬೇಕಾದರೆ, ಅದು ನಿನಗೆ ತಿಳಿದ ದಿನದಿಂದ 60 ದಿನಗಳೊಳಗೆ ಮರುಪರಿಶೀಲನೆಗೆ ಲಿಖಿತ ಮನವಿ ಹೋಗಬೇಕು. ನಮ್ಮ ಕಚೇರಿಯ ಚಾಲಕರೊಬ್ಬರಿಗೆ ನೇಮಕ ಮುಂದುವರಿಯುವುದಿಲ್ಲವೆಂದು ಎರಡು ಸಾಲಿನ ಇಮೇಲ್ ಬಂದಿತ್ತು. ಅದರ ಮುದ್ರಿತ ಪ್ರತಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು. ಮಡಿಕೆಗಳ ಉದ್ದಕ್ಕೂ ಕಾಗದ ಹರಿದಿತ್ತು. ಮೇಲಧಿಕಾರಿ ಪ್ರತಿವಾರವೂ ‘ಸ್ವಲ್ಪ ತಾಳಿ, ಮೇಲೆ ಮಾತಾಡಿದ್ದೇನೆ’ ಎನ್ನುತ್ತಿದ್ದರಂತೆ. ಅವರು ಸಂಘದ ಕೋಣೆಗೆ ಬಂದು ಆ ಕಾಗದವನ್ನು ಮೇಜಿನ ಮೇಲೆ ಹರಡಿದಾಗ ಅರವತ್ತು ದಿನ ಕಳೆದುಹೋಗಿತ್ತು. ಬಾಯಿಮಾತಿನ ಭರವಸೆಯಿಂದ ಗಡುವು ನಿಲ್ಲುವುದಿಲ್ಲ. ವಿವಾದಗಳನ್ನು ತಟಸ್ಥವಾಗಿ ಬಗೆಹರಿಸಲು ನೆರವಾಗುವ ಓಂಬುಡ್ಸ್‌ಮನ್ ಕಚೇರಿಯ ಮೂಲಕ ರಾಜಿಯ ಪ್ರಯತ್ನ ನಡೆಯುತ್ತಿದ್ದರೆ ಮಾತ್ರ ಅದನ್ನು ವಿಸ್ತರಿಸಲು ಅವಕಾಶವಿದೆ. ಅವರ ಪ್ರಕರಣದಲ್ಲಿ ಹುರುಳಿತ್ತೆಂದೇ ಇಂದಿಗೂ ನನ್ನ ನಂಬಿಕೆ. ಅದನ್ನು ಯಾರೂ ಓದಿ ನೋಡುವ ಹಂತಕ್ಕೇ ಹೋಗಲಿಲ್ಲ. ನಿನ್ನ ಬಳಿಗೆ ಯಾರೇ ಬಂದರೂ ಮೊದಲು ಕೇಳಬೇಕಾದದ್ದು, ನಿರ್ಧಾರ ತಿಳಿದ ದಿನ ಯಾವುದು ಎಂದು. ಸಮಾಧಾನದ ಮಾತು ಅದಾದ ಮೇಲೆ.

ಇನ್ನು ನಿನ್ನ ಭಯದ ವಿಷಯ. ನಿಗದಿತ ಅವಧಿಯ ನೇಮಕ ಮುಂದುವರಿಯುತ್ತದೆಂದು ನಿರೀಕ್ಷಿಸುವ ಹಕ್ಕಿಲ್ಲವೆಂದು ನಿಯಮವೇ ಹೇಳುತ್ತದೆ. ಅದನ್ನು ಮುಚ್ಚಿಟ್ಟು ನಿನಗೆ ಧೈರ್ಯ ಹೇಳಲಾರೆ. ಆದರೂ ಸಂಘದ ಕೆಲಸಕ್ಕೆ ಸೇಡು ತೀರಿಸಿಕೊಳ್ಳಲು ನೇಮಕವನ್ನು ನಿಲ್ಲಿಸಿದರೆ ಅದು ದುರುದ್ದೇಶದ ನಿರ್ಧಾರ, ನ್ಯಾಯಮಂಡಳಿ ಅದನ್ನು ರದ್ದುಪಡಿಸಬಲ್ಲದು. ದುರುದ್ದೇಶವನ್ನು ಸಾಬೀತುಪಡಿಸುವ ಹೊಣೆ ಮಾತ್ರ ನೌಕರರದೇ. ಹಾಗಾಗಿ ನಿನ್ನ ಕಾರ್ಯನಿರ್ವಹಣೆಯ ವಾರ್ಷಿಕ ವರದಿಗಳು ಸಕಾಲದಲ್ಲಿ ಪೂರ್ಣಗೊಳ್ಳುವಂತೆ ನೋಡಿಕೊ, ಮುಖ್ಯ ಮಾತುಕತೆಯಾದ ದಿನವೇ ಅದರ ಸಾರವನ್ನು ಸೌಜನ್ಯದಿಂದ ಬರೆದು ಕಳುಹಿಸು, ಮತ್ತು ಸಂಘದ ಕೆಲಸದ ನೆಪದಲ್ಲಿ ನಿನ್ನ ಹುದ್ದೆಯ ಕೆಲಸ ಎಂದೂ ಬಾಕಿ ಉಳಿಯದಿರಲಿ.

ಪ್ರತಿನಿಧಿಗೆ ಇರುವ ಅಧಿಕಾರದ ಬಗ್ಗೆಯೂ ಭ್ರಮೆ ಬೇಡ. ಸೇವಾ ನಿಯಮಗಳು ನೌಕರರ ‘ಪರಿಣಾಮಕಾರಿ ಭಾಗವಹಿಸುವಿಕೆ’ಯ ಮಾತಾಡುತ್ತವೆ, ಕನಿಷ್ಠ ಎರಡು ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕೆನ್ನುತ್ತವೆ, ಆದರೆ ಇದು ಸಮಾಲೋಚನೆಯ ಹಕ್ಕು, ಸಂಬಳವನ್ನು ಚೌಕಾಸಿ ಮಾಡಿ ಒಪ್ಪಂದಕ್ಕೆ ಬರುವ ಹಕ್ಕಲ್ಲ. ಸಂಬಳ ಭತ್ಯೆಗಳ ಸೂತ್ರವನ್ನು ಸಿದ್ಧಪಡಿಸುವುದು ಹದಿನೈದು ಸದಸ್ಯರ ಅಂತರರಾಷ್ಟ್ರೀಯ ನಾಗರಿಕ ಸೇವಾ ಆಯೋಗ. ಹಣದ ಕೊನೆಯ ಮಾತು ಸಾಮಾನ್ಯ ಸಭೆಯದು. ಅಲ್ಲಿ ನೌಕರರ ಪರವಾಗಿ ಮಾತಾಡುವುದು 1952ರಲ್ಲಿ ಸ್ಥಾಪನೆಯಾದ, ಹಲವು ಸಂಸ್ಥೆಗಳ ನೌಕರರ ಸಂಘಗಳನ್ನು ಒಗ್ಗೂಡಿಸುವ ಫಿಕ್ಸಾದಂಥ (FICSA) ಒಕ್ಕೂಟಗಳು. ಇಂಥ ಕಡೆ ಆವೇಶಕ್ಕಿಂತ ಲೆಕ್ಕ ಬಲ್ಲವರ ಮಾತಿಗೆ ತೂಕ ಹೆಚ್ಚು. 2017ರಲ್ಲಿ ಜಿನೀವಾದ ಸ್ಥಳೀಯ ವೆಚ್ಚದ ಹೊಂದಾಣಿಕೆ ಭತ್ಯೆಯನ್ನು ಕಡಿತಗೊಳಿಸಲು ಆಯೋಗ ಮುಂದಾದಾಗ, ನೌಕರರ ಸಂಘಗಳು ಅದರ ಸಮೀಕ್ಷೆಯ ವಿಧಾನವನ್ನೇ ಪ್ರಶ್ನಿಸಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನ್ಯಾಯಮಂಡಳಿ 2019ರಲ್ಲಿ ತನ್ನ ವ್ಯಾಪ್ತಿಯ ಸಂಸ್ಥೆಗಳ ನೌಕರರಿಗಾದ ಕಡಿತವನ್ನು ರದ್ದುಪಡಿಸಿತು; ಸಚಿವಾಲಯದ ನೌಕರರಾದರೋ ವಿಶ್ವಸಂಸ್ಥೆಯ ಮೇಲ್ಮನವಿ ನ್ಯಾಯಮಂಡಳಿಯಲ್ಲಿ 2021ರಲ್ಲಿ ಸೋತರು. ಒಂದೇ ಊರು, ಒಂದೇ ದರ್ಜೆ, ಆಗ ಎರಡು ಬಗೆಯ ಸಂಬಳ. ಸೋತವರ ಶ್ರಮವೂ ವ್ಯರ್ಥವೆಂದು ನಾನು ಹೇಳಲಾರೆ, ಏಕೆಂದರೆ ಆಯೋಗದ ಲೆಕ್ಕವನ್ನು ಸಾಮಾನ್ಯ ನೌಕರರು ಸಾಲುಸಾಲಾಗಿ ಓದಲು ಕಲಿತದ್ದು ಆ ಹೋರಾಟದಲ್ಲಿ.

ಗೆದ್ದ ಮೇಲೆ ನಿನ್ನ ಹೆಚ್ಚಿನ ಸಮಯ ಯಾರಿಗೆ ಸಲ್ಲಬೇಕೆಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಕಾಯಂ ಹುದ್ದೆಯ ಹಿರಿಯರು ಅಚ್ಚುಕಟ್ಟಾಗಿ ಅರ್ಜಿ ಬರೆಯಬಲ್ಲರು. ಕಷ್ಟದ ಊರುಗಳಲ್ಲಿ ದುಡಿಯುವವರು, ಸ್ಥಳೀಯವಾಗಿ ನೇಮಕಗೊಂಡ ಗುಮಾಸ್ತರು, ಚಾಲಕರು, ಕಾವಲುಗಾರರು ಸಂಘದ ಬಾಗಿಲಿಗೆ ಬರುವುದೇ ಕಡಿಮೆ. ನೀನೇ ಅವರ ಬಳಿಗೆ ಹೋಗಬೇಕು. ಕನ್ಸಲ್ಟೆಂಟುಗಳ ಪಾಡು ಇನ್ನೂ ಕಠಿಣ: ಅದೇ ಕೋಣೆಯಲ್ಲಿ ಅದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದರೂ ನಿಯಮದ ಪ್ರಕಾರ ಅವರು ನೌಕರರಲ್ಲ, ನ್ಯಾಯಮಂಡಳಿಯ ಬಾಗಿಲು ಅವರಿಗೆ ತೆರೆಯುವುದಿಲ್ಲ. ಅವರಿಗೆ ಮತದಾನದ ಹಕ್ಕಿಲ್ಲವೆಂಬ ಕಾರಣಕ್ಕೆ ಅವರನ್ನು ಮರೆಯುವ ಪ್ರತಿನಿಧಿಯಾಗಬೇಡ. ನಿನ್ನ ಬಳಿ ತೋಡಿಕೊಂಡವರ ಹೆಸರು, ಅವರೇ ಒಪ್ಪುವವರೆಗೆ, ಸಂಘದ ಸಭೆಯಲ್ಲೂ ನಿನ್ನ ಬಾಯಿಂದ ಹೊರಡದಿರಲಿ.

2025ರಲ್ಲಿ ಆರಂಭವಾದ ಸುಧಾರಣೆ ಮತ್ತು ಹಣದ ಮುಗ್ಗಟ್ಟಿನಿಂದಾಗಿ ಹುದ್ದೆಗಳ ಕಡಿತದ ಮಾತು ಎಲ್ಲೆಡೆ ಇದೆ. ಯಾವ ಹುದ್ದೆ ಹೋಗಬೇಕು, ಯಾರನ್ನು ಬೇರೆಡೆ ಹೊಂದಿಸಬೇಕು ಎಂಬ ಮಾನದಂಡಗಳು ನಿರ್ಧಾರಕ್ಕೆ ಮೊದಲೇ ಸಂಘದ ಮುಂದೆ ಬರಬೇಕೆಂದು ಮೊದಲ ಸಭೆಯಲ್ಲೇ ಲಿಖಿತವಾಗಿ ಕೇಳು. ನಾಮಪತ್ರ ಸಲ್ಲಿಸುವ ಮುನ್ನ ನಿನ್ನ ನೇಮಕಪತ್ರವನ್ನೂ ಸಂಘದ ನಿಯಮಾವಳಿಯನ್ನೂ ಒಮ್ಮೆ ಪೂರ್ತಿಯಾಗಿ ಓದಿ, ಸಂದೇಹ ಬಂದಲ್ಲಿ ಗುರುತು ಹಾಕಿ ನನಗೆ ಬರೆ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ