ಎಂಜಿನ್ ಕೊಟ್ಟರಷ್ಟೇ ಸಾಲದು, ಫ್ಯಾನು ಮತ್ತು ಎತ್ತರ ಹೊಂದಿಸಿ ಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂತೆಂದರೆ ನಾಡದೋಣಿಯವರ ಸುದ್ದಿ ಪತ್ರಿಕೆಗಳಲ್ಲಿ ಕಾಣಿಸತೊಡಗುತ್ತದೆ. ಸೀಮೆಎಣ್ಣೆ ಬಂತೇ, ತಿಂಗಳಿಗೆ ಎಷ್ಟು ಲೀಟರ್, ದರ ಎಷ್ಟು, ಪೆಟ್ರೋಲ್ ಎಂಜಿನ್‌ಗೆ ಸಹಾಯಧನ ಯಾವಾಗ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಆ ಎಣ್ಣೆಯಲ್ಲಿ ಎಷ್ಟು ಪಾಲು ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ, ಎಷ್ಟು ಪಾಲು ಸುಮ್ಮನೆ ನೀರು ಕಲಕಿ ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಎರಡು ಸಂಗತಿ: ಎಂಜಿನ್‌ಗೆ ಹಾಕಿದ ಫ್ಯಾನು (ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಪ್ರೊಪೆಲ್ಲರ್), ಎಂಜಿನ್ ಕೂತಿರುವ ಎತ್ತರ.

ನಮ್ಮ ಕರಾವಳಿಗೆ ಇದು ಏಕೆ ಮುಖ್ಯವೆಂದರೆ, ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದಲ್ಲಿ ವಿನಾಯಿತಿ ಇರುವುದು 10 ಅಶ್ವಶಕ್ತಿಯವರೆಗಿನ ಎಂಜಿನ್‌ನ ನಾಡದೋಣಿಗಳಿಗೆ ಮಾತ್ರ. ಹಾಗಾಗಿ ಮರವಂತೆ, ಕೊಡೇರಿ, ಉಪ್ಪುಂದ, ಗಂಗೊಳ್ಳಿ, ಎಲ್ಲಿ ನೋಡಿದರೂ 9.9 ಅಶ್ವಶಕ್ತಿಯ, ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್‌ಗಳೇ. ಶಕ್ತಿ ಸಾಲದೆಂದು ದೊಡ್ಡ ಎಂಜಿನ್ ಹಾಕಿಕೊಳ್ಳಲು ಕಾನೂನು ಬಿಡುವುದಿಲ್ಲ. ಇರುವ 9.9ನ್ನೇ ಸರಿಯಾಗಿ ನೀರಿಗೆ ಇಳಿಸುವುದೊಂದೇ ದಾರಿ.

ಮೊದಲು ಫ್ಯಾನಿನ ವಿಷಯ. ಅದರ ಬುಡದಲ್ಲಿ 9¼ × 10 ಎಂಬಂಥ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಅಡ್ಡಳತೆ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಜಾರದೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಲೆಕ್ಕ. 9.9ರ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಗೇರ್ ಅನುಪಾತ 2.08. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಫ್ಯಾನು ತಿರುಗುವುದು ಸುಮಾರು 2400 ಸುತ್ತು. 10 ಇಂಚು ಪಿಚ್ಚಿನ ಫ್ಯಾನು ಆ ಲೆಕ್ಕದಲ್ಲಿ ಗಂಟೆಗೆ 36 ಕಿ.ಮೀ. ದಾಟಬೇಕು. ಬಲೆ, ಮಂಜುಗಡ್ಡೆ, ಐದಾರು ಆಳು ತುಂಬಿದ 26 ಅಡಿಯ ಫೈಬರ್ ದೋಣಿ ನಿಜಕ್ಕೂ ಹೋಗುವುದು 12 ಅಥವಾ 13 ಕಿ.ಮೀ. ಉಳಿದದ್ದೆಲ್ಲ ಜಾರಿಕೆ. ಸ್ವಲ್ಪ ಜಾರಿಕೆ ಇಲ್ಲದೆ ಯಾವ ಫ್ಯಾನೂ ದೂಡುವುದಿಲ್ಲ, ನಿಜ. ಆದರೆ ಅರ್ಧಕ್ಕಿಂತ ಹೆಚ್ಚು ಜಾರುತ್ತಿದ್ದರೆ ಆ ಫ್ಯಾನು ಬೇರೆ ಜಾತಿಯ ದೋಣಿಗೆ ಮಾಡಿದ್ದು ಎಂದೇ ಅರ್ಥ. ಹಗುರವಾದ, ನೀರಿನ ಮೇಲೆ ಎದ್ದು ಓಡುವ ಮೋಜಿನ ಬೋಟಿಗೆ ಅದು ಸರಿ. ನಾಡದೋಣಿಗೆ ಅದನ್ನು ಹಾಕುವುದೆಂದರೆ ಲೋಡಾದ ಲಾರಿಯನ್ನು ಆಗುಂಬೆ ಘಾಟಿಯಲ್ಲಿ ಟಾಪ್ ಗೇರಿನಲ್ಲೇ ಹತ್ತಿಸಿದ ಹಾಗೆ.

ಪಿಚ್ ಹೆಚ್ಚಾದಾಗ ಆಗುವುದೇನು? ಥ್ರಾಟಲ್ (ಎಕ್ಸಲರೇಟರ್) ಪೂರ್ತಿ ತಿರುವಿದರೂ ಎಂಜಿನ್ ತನ್ನ ಸುತ್ತು ಮುಟ್ಟುವುದಿಲ್ಲ, ಎಳೆದೆಳೆದು ಓಡುತ್ತದೆ. ಕಾರ್ಬೊರೇಟರ್ ಪೂರ್ತಿ ತೆರೆದಿರುವುದರಿಂದ ಎಣ್ಣೆ ಮಾತ್ರ ಧಾರಾಳ ಹೋಗುತ್ತದೆ. ಸೀಮೆಎಣ್ಣೆ ಎಂಜಿನ್‌ನಲ್ಲಿ ಪೆಟ್ಟು ಇನ್ನೂ ಜೋರು. ಸೀಮೆಎಣ್ಣೆಯ ಆಕ್ಟೇನ್ ಕಡಿಮೆ. ಭಾರ ಬಿದ್ದಾಗ ಹೊತ್ತಿಗೆ ಮೊದಲೇ ಸ್ಫೋಟಿಸಿ ಕಟಕಟ ಸದ್ದು ಬರುತ್ತದೆ, ಪಿಸ್ಟನ್ ರಿಂಗುಗಳಿಗೆ ಮಸಿ ಕಟ್ಟಿ ಅಂಟುತ್ತವೆ, ಪ್ಲಗ್ ಒದ್ದೆಯಾಗುತ್ತದೆ. ದೋಣಿ ನಡೆಸುವ ತಾಂಡೇಲರು ‘ಈ ಕಂಪನಿಯ ಎಂಜಿನ್ ಬಾಳಿಕೆ ಇಲ್ಲ’ ಎಂದು ಬೈಯುವ ಎಷ್ಟೋ ಪ್ರಕರಣಗಳಲ್ಲಿ ಎಂಜಿನ್‌ನ ತಪ್ಪು ಏನೂ ಇರುವುದಿಲ್ಲ.

ಪಿಚ್ ತೀರಾ ಕಡಿಮೆಯಾದರೆ ಇದರ ಉಲ್ಟಾ. ಖಾಲಿ ದೋಣಿಯಲ್ಲಿ ಎಂಜಿನ್ ಮಿತಿ ಮೀರಿ ಕಿರುಚುತ್ತದೆ, ಬೇರಿಂಗಿಗೂ ಕನೆಕ್ಟಿಂಗ್ ರಾಡಿಗೂ ಕೇಡು. ಆದರೆ ನಮ್ಮ ಕಡಲಿನಲ್ಲಿ ನೂರಕ್ಕೆ ತೊಂಬತ್ತು ದೂರು ಮೊದಲ ಬಗೆಯದೇ.

ಸರಿಯಾದ ಫ್ಯಾನು ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದು, ಓಡಿಸಿಯೇ ನೋಡಬೇಕು. ಪ್ಲಗ್ ವಯರಿಗೆ ತಂತಿ ಸುತ್ತಿ ಸುತ್ತು ತೋರಿಸುವ ಸಣ್ಣ ಟ್ಯಾಕೋಮೀಟರ್ ಸಾಕು, ದುಬಾರಿ ಸಾಮಾನಲ್ಲ. ಪ್ಲಗ್ ಸುತ್ತಿಗೊಮ್ಮೆ ಕಿಡಿ ಬಿಡುತ್ತದೋ ಎರಡು ಸುತ್ತಿಗೊಮ್ಮೆಯೋ ನೋಡಿ ಅದರ ಸೆಟ್ಟಿಂಗ್ ಸರಿ ಮಾಡಿಕೊಳ್ಳಬೇಕು, ಇಲ್ಲವಾದರೆ ತೋರಿಸುವ ಅಂಕಿ ಅರ್ಧವೋ ದುಪ್ಪಟ್ಟೋ ಆಗಿರುತ್ತದೆ. ಅಳಿವೆಯ ಒಳಗೆ ಹೊಳೆಯ ಶಾಂತ ನೀರಿನಲ್ಲಿ, ನಿಜವಾಗಿ ಕಸುಬಿಗೆ ಹೋಗುವಷ್ಟೇ ಭಾರ ಹೇರಿ, ಎಂಜಿನ್ ಬಿಸಿಯಾದ ಮೇಲೆ ಒಂದೆರಡು ನಿಮಿಷ ಪೂರ್ತಿ ಥ್ರಾಟಲ್ ಕೊಟ್ಟು ಸುತ್ತು ಬರೆದುಕೊಳ್ಳಿ. ಸೀಮೆಎಣ್ಣೆ ಎಂಜಿನ್ ಆದರೆ ಪೆಟ್ರೋಲಿನಲ್ಲಿ ಶುರು ಮಾಡಿ, ಸೀಮೆಎಣ್ಣೆಗೆ ಹಾಕಿದ ಮೇಲೆಯೇ ಅಳೆಯಬೇಕು. ಪೆಟ್ರೋಲಿನ ಮೇಲೆ ತೋರಿಸಿದ ಸುತ್ತು ಸೀಮೆಎಣ್ಣೆಯ ಮೇಲೆ ಬರುವುದಿಲ್ಲ. ವೇಗವನ್ನು ಮೊಬೈಲಿನ ಜಿಪಿಎಸ್‌ನಲ್ಲಿ ನೋಡಬಹುದು. ನೀರಿನ ಸೆಳೆತದ ಲೆಕ್ಕ ತಪ್ಪದಿರಲು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಸರಾಸರಿ ತೆಗೆಯಿರಿ. ಆಮೇಲೆ ಭಾರ ಇಳಿಸಿ ಖಾಲಿ ದೋಣಿಯಲ್ಲಿ ಇನ್ನೊಂದು ಓಟ.

ಎಂಜಿನ್‌ನ ಕೈಪಿಡಿಯಲ್ಲಿ ಪೂರ್ತಿ ಥ್ರಾಟಲ್‌ನ ಸುತ್ತಿಗೆ ಕೆಳಮಿತಿ, ಮೇಲ್ಮಿತಿ ಕೊಟ್ಟಿರುತ್ತಾರೆ. ಕೆಲವಕ್ಕೆ 4500ರಿಂದ 5500, ಕೆಲವಕ್ಕೆ 5000ದಿಂದ 6000. ತುಂಬಿದ ದೋಣಿ ಈ ಎರಡು ಮಿತಿಗಳ ನಡುವೆ ಬರಬೇಕು, ಖಾಲಿ ದೋಣಿ ಮೇಲ್ಮಿತಿ ದಾಟಬಾರದು. ಈ ಎರಡನ್ನೂ ಪಾಲಿಸುವ ಫ್ಯಾನೇ ಆ ದೋಣಿಯ ಫ್ಯಾನು. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ತುಂಬಿದ ದೋಣಿಯಲ್ಲಿ 10ರ ಫ್ಯಾನು 4400ಕ್ಕೆ ನಿಂತರೆ 8ರ ಫ್ಯಾನಿನಲ್ಲಿ 4700, 4800 ನಿರೀಕ್ಷಿಸಬಹುದು. ಸುತ್ತು ಏರಿದ ಮೇಲೆ ತಾಂಡೇಲರು ಥ್ರಾಟಲ್ ಸ್ವಲ್ಪ ಹಿಂದಕ್ಕೆ ತೆಗೆಯಬೇಕು, ಉಳಿತಾಯ ಇರುವುದು ಅಲ್ಲೇ. ಫ್ಯಾನು ಕೇಳುವ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ: ಸುತ್ತನ್ನು ನೂರರಿಂದ ತೊಂಬತ್ತಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ 73ಕ್ಕೆ, ಎಂಬತ್ತಕ್ಕೆ ಇಳಿಸಿದರೆ 51ಕ್ಕೆ ಇಳಿಯುತ್ತದೆ. ನೀರು ಸೀಳಿಕೊಂಡು ಹೋಗುವ ಭಾರದ ದೋಣಿಯ ವೇಗ ಅಷ್ಟು ಕಡಿಮೆಯಾಗುವುದಿಲ್ಲ. ನೀರಿನ ಮಟ್ಟದಲ್ಲಿ 25 ಅಡಿ ಉದ್ದವಿರುವ ದೋಣಿಗೆ ಗಂಟೆಗೆ ಸುಮಾರು 12 ಕಿ.ಮೀ. ಸಹಜ ಮಿತಿ. ಅದರಾಚೆಗೆ ಸುರಿದ ಎಣ್ಣೆಯೆಲ್ಲ ದೊಡ್ಡ ಅಲೆ ಎಬ್ಬಿಸಲು ಮಾತ್ರ. ಬಂಗುಡೆಯ ಹಿಂಡು ಕಂಡಾಗ ಯಾರೂ ಈ ಮಾತು ಕೇಳುವುದಿಲ್ಲವೆಂಬುದು ಗೊತ್ತು. ಹೋಗಿ ಬರುವ ದಾರಿಯಲ್ಲಾದರೂ ಕೇಳಲಿ.

ಅಡ್ಡಳತೆ ದೊಡ್ಡದು, ಪಿಚ್ ಸಣ್ಣದು: ಭಾರದ ದೋಣಿಗೆ ಬೇಕಾದದ್ದು ಇದು. ಇದೇ 9.9 ಅಶ್ವಶಕ್ತಿಯಲ್ಲಿ 2.92 ಗೇರ್ ಅನುಪಾತದ ಹೈ ಥ್ರಸ್ಟ್ ಮಾದರಿಗಳನ್ನು ಕಂಪನಿಗಳು ತಯಾರಿಸಿವೆ. ಫ್ಯಾನು ನಿಧಾನ ತಿರುಗುತ್ತದೆ, ದೊಡ್ಡದಾಗಿರುತ್ತದೆ, ಹಿಡಿತ ಬಲವಾಗಿರುತ್ತದೆ. ಸಹಾಯಧನದ ಪಟ್ಟಿ ಮಾಡುವಾಗ ಅಶ್ವಶಕ್ತಿಯ ಜೊತೆ ಗೇರ್ ಅನುಪಾತದ ಕಾಲಮ್ಮೂ ಇರಲಿ.

ಲೋಹದ ಬಗ್ಗೆ ಒಂದೇ ಮಾತು. ಸ್ಟೀಲ್ ಫ್ಯಾನು ಚೆನ್ನಾಗಿ ಹೊಳೆಯುತ್ತದೆ, ಆದರೆ ಅಳಿವೆಯ ಕಲ್ಲಿಗೆ ತಾಗಿದರೆ ಪೆಟ್ಟು ಗೇರಿಗೇ ಹೋಗುತ್ತದೆ. ಅಲ್ಯೂಮಿನಿಯಂ ಆದರೆ ರೆಕ್ಕೆ ಮುರಿದು ಗೇರ್‌ಬಾಕ್ಸ್ ಉಳಿಯುತ್ತದೆ. ಅಲ್ಯೂಮಿನಿಯಮ್ಮೇ ಸಾಕು.

ಇನ್ನು ಎತ್ತರ. ಫ್ಯಾನಿನ ಮೇಲೆ ಅಡ್ಡಲಾಗಿ ಚಾಚಿರುವ ಚಪ್ಪಟೆ ತಟ್ಟೆಯನ್ನು ಕೆವಿಟೇಷನ್ ಪ್ಲೇಟ್ ಅನ್ನುತ್ತಾರೆ. ಮೇಲಿನ ಗಾಳಿ ಫ್ಯಾನಿಗೆ ಸೇರದಂತೆ ತಡೆಯುವುದು ಅದರ ಕೆಲಸ. ದೋಣಿಯನ್ನು ದಡದಲ್ಲಿ ನಿಲ್ಲಿಸಿ, ತಳಕ್ಕೆ ಉದ್ದದ ನೇರ ಪಟ್ಟಿ ಒತ್ತಿ ಹಿಡಿದು ಹಿಂದಕ್ಕೆ ಚಾಚಿದರೆ ಈ ತಟ್ಟೆ ಪಟ್ಟಿಯ ಮಟ್ಟದಲ್ಲೋ ಅದಕ್ಕಿಂತ ಒಂದು ಇಂಚಿನವರೆಗೆ ಕೆಳಗೋ ಇರಬೇಕು. ತಳದ ನಡುವೆ ದಪ್ಪ ಏರಾ (ಉದ್ದಕ್ಕೂ ಹೋಗುವ ಅಡಿಮರ) ಇದ್ದರೆ ಅದರ ಹಿಂದಿನ ನೀರು ಗಾಳಿ ಕಲಸಿ ಬರುತ್ತದೆ. ಅಂಥ ದೋಣಿಯಲ್ಲಿ ಏರಾದ ಹಿಂತುದಿಯನ್ನು ಓರೆಯಾಗಿ ಸವರಿ ತೆಳ್ಳಗೆ ಮಾಡಬೇಕು, ಇಲ್ಲವೇ ಎಂಜಿನ್‌ನ್ನು ಇನ್ನೊಂದು ಇಂಚು ತಗ್ಗಿಸಬೇಕು. ಅಳಿವೆ ಬಾಗಿಲಿನಲ್ಲಿ ಅಲೆಗೆ ಹಿಂಬದಿ ಮೇಲೇಳುವ ನಾಡದೋಣಿಗೆ ಒಂದಿಷ್ಟು ಆಳವೇ ಲೇಸು. ತೆರೆ ಒಡೆಯುವ ಜಾಗದಲ್ಲಿ ಫ್ಯಾನು ಗಾಳಿ ಹಿಡಿದು ದೋಣಿ ಅಡ್ಡ ತಿರುಗಿದರೆ ಮಗುಚಿಕೊಳ್ಳಲು ಕ್ಷಣ ಸಾಕು.

ಔಟ್‌ಬೋರ್ಡ್ ಎಂಜಿನ್‌ನ ಕಾಲು, ಅಂದರೆ ಫ್ಯಾನಿನ ಕಡೆಗೆ ಕೆಳಗಿಳಿಯುವ ಭಾಗ, 15, 20, 25 ಇಂಚಿನ ಅಳತೆಗಳಲ್ಲಿ ಬರುತ್ತದೆ. ಎಂಜಿನ್ ಕೂರುವ ಹಿಂಬದಿಯ ಹಲಗೆಯ ಮೇಲಂಚಿನಿಂದ ತಳದವರೆಗೆ ನಡುಗೆರೆಯಲ್ಲಿ ಟೇಪು ಹಿಡಿದು ಅಳೆದು, ಅದಕ್ಕೆ ಹೊಂದುವ ಕಾಲನ್ನು ತರಿಸಬೇಕು. ನಡೆಯುತ್ತಿರುವುದು ಬೇರೆಯೇ. ದೋಣಿ ಕಟ್ಟುವವರು ತಮ್ಮ ಅಚ್ಚಿನ ಪ್ರಕಾರ ಹಲಗೆ ನಿಲ್ಲಿಸುತ್ತಾರೆ, ಅಂಗಡಿಯವರು ಸ್ಟಾಕಿನಲ್ಲಿದ್ದ ಕಾಲು ಕೊಡುತ್ತಾರೆ. ಹಲಗೆ ಎತ್ತರವಾಗಿ ಕಾಲು ಗಿಡ್ಡವಾದರೆ ಫ್ಯಾನು ಗಾಳಿ ಹಿಡಿಯುತ್ತದೆ: ತಿರುವಿನಲ್ಲಿ, ಅಲೆ ಏರುವಾಗ ಎಂಜಿನ್ ಹಠಾತ್ತನೆ ಕಿರುಚಿ ದೋಣಿ ನಿಂತಂತಾಗುತ್ತದೆ. ಜೊತೆಗೆ ತಂಪು ನೀರು ಹೀರುವ ಬಾಯಿಗೂ ಗಾಳಿ ಸೇರಿ ಎಂಜಿನ್ ಬಿಸಿಯೇರುತ್ತದೆ. ಹಿಂದೆ ಚಿಮ್ಮುವ ನೀರಿನ ಎಳೆ ಕಡಿದು ಕಡಿದು ಬರುತ್ತಿದ್ದರೆ ಇಂಪೆಲ್ಲರ್ (ತಂಪು ನೀರಿನ ಪಂಪಿನ ಚಕ್ರ) ಬದಲಿಸುವ ಮೊದಲು ಎತ್ತರ ನೋಡಿ. ಕಾಲು ಉದ್ದವಾದರೆ ನೀರಿನ ಎಳೆತ ಜಾಸ್ತಿ, ಎಂಜಿನ್‌ನ ತಲೆ ನೀರಿಗೆ ಹತ್ತಿರ, ಹಿಂದಿನಿಂದ ಬಂದ ಅಲೆ ಮುಚ್ಚಳದೊಳಗೆ ಹೊಕ್ಕರೆ ಎಂಜಿನ್ ಅಲ್ಲಿಗೇ ಬಂದ್.

ಎತ್ತರ ಹೊಂದಿಸುವುದು ದೊಡ್ಡ ಕೆಲಸವೇನಲ್ಲ. ಏರಿಸಲು ಹಲಗೆಯ ಮೇಲೆ ಗಟ್ಟಿ ಮರದ ಪಟ್ಟಿ ಕೂರಿಸಿ ರೆಸಿನ್ ಹಚ್ಚಿ ಮುಚ್ಚಬೇಕು. ಇಳಿಸಲು ಹಲಗೆಯನ್ನು ಕೊರೆದು, ಕೊರೆದ ಅಂಚಿಗೆ ಮತ್ತೆ ಫೈಬರ್ ಹಾಕಬೇಕು. ಫೈಬರ್ ಹಾಕದೆ ಬಿಟ್ಟರೆ ಒಳಗಿನ ಮರ ನೀರು ಕುಡಿದು ಒಂದೆರಡು ಮಳೆಗಾಲದಲ್ಲಿ ಕೊಳೆಯುತ್ತದೆ, ಆಮೇಲೆ ಎಂಜಿನ್ ಕಡಲು ಪಾಲು. ಏರಿಸುವುದಾಗಲಿ ಇಳಿಸುವುದಾಗಲಿ, ಒಂದು ಸಲಕ್ಕೆ ಅರ್ಧ ಇಂಚು. ಪ್ರತಿ ಸಲ ಅದೇ ಭಾರದಲ್ಲಿ ಓಡಿಸಿ ನೋಡಿ. ಎತ್ತರವನ್ನೂ ಫ್ಯಾನನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಎತ್ತರ ಮೊದಲು, ಓರೆ ಆಮೇಲೆ, ಫ್ಯಾನು ಕೊನೆಗೆ.

ಓರೆ ಅಂದರೆ ಎಂಜಿನ್‌ನ ಬ್ರಾಕೆಟ್ಟಿನಲ್ಲಿ ಪಿನ್ನು ಹಾಕುವ ತೂತುಗಳ ಸಾಲು. ದೋಣಿ ಓಡುವಾಗ ಆ ಚಪ್ಪಟೆ ತಟ್ಟೆ ನೀರಿಗೆ ಸಮಾನಾಂತರ ಇರಬೇಕು. ದೋಣಿಯ ಮೂತಿ ಆಕಾಶ ನೋಡಿದರೆ ಪಿನ್ನನ್ನು ಹಲಗೆಯ ಕಡೆಗೆ ಒಂದು ತೂತು ಒಳಗೆ ಹಾಕಿ. ಮೂತಿ ನೀರಿಗೆ ಹೊಕ್ಕರೆ ಒಂದು ತೂತು ಹೊರಗೆ. ಮೂತಿ ಎದ್ದಾಗ ಬಲೆಯ ರಾಶಿಯನ್ನು ಒಂದಡಿ ಮುಂದೆ ಸರಿಸಿದರೂ ಅದು ಇಳಿಯುವುದುಂಟು, ಖರ್ಚಿಲ್ಲದ ಉಪಾಯ.

ಇಷ್ಟೆಲ್ಲ ಸರಿ ಇದ್ದೂ ದೋಣಿ ಎಳೆಯದಿದ್ದರೆ ಫ್ಯಾನಿನ ಬುಡ ನೋಡಬೇಕು. ಹೊರಗಿನ ಲೋಹಕ್ಕೂ ಒಳಗಿನ ಹಲ್ಲಿನ ಕೊಳವೆಗೂ ನಡುವೆ ರಬ್ಬರ್ ಬುಶ್ ಇರುತ್ತದೆ. ಅದು ಸಡಿಲವಾದರೆ ನಿಧಾನವಾಗಿ ಹೋಗುವಾಗ ಎಲ್ಲ ಸರಿ, ಥ್ರಾಟಲ್ ಜೋರು ಮಾಡಿದ ಕೂಡಲೇ ಎಂಜಿನ್ ಮಾತ್ರ ಓಡುತ್ತದೆ. ಲೋಹ, ರಬ್ಬರ್, ಕೊಳವೆ ಮೂರಕ್ಕೂ ಅಡ್ಡವಾಗಿ ಪೇಂಟಿನ ಒಂದು ಗೀಟು ಎಳೆದು ಒಂದು ದಿನ ಕಸುಬು ಮಾಡಿ ಬನ್ನಿ. ಗೀಟು ಮುರಿದು ಸರಿದಿದ್ದರೆ ಬುಶ್ ಹೋಗಿದೆ. ಇದನ್ನು ತಿಳಿಯದೆ ಕ್ಲಚ್ಚು, ಗೇರು ಬಿಚ್ಚಿಸಿ ಸಾವಿರಾರು ರೂಪಾಯಿ ಕಳೆದುಕೊಂಡವರಿದ್ದಾರೆ. ಫ್ಯಾನು ತೆಗೆಯುವಾಗ ಮೊದಲು ಪ್ಲಗ್ಗಿನ ವಯರ್ ಕಳಚಿಡಿ. ಕೈಯಲ್ಲಿ ತಿರುಗಿಸಿದಾಗ ಎಂಜಿನ್ ಚಾಲೂ ಆದರೆ ಬೆರಳು ಹೋಗುತ್ತದೆ. ಶಾಫ್ಟಿಗೆ ಸುತ್ತಿದ ಬಲೆಯ ನೂಲನ್ನು ಪೂರ್ತಿ ತೆಗೆಯಿರಿ. ಆ ನೂಲು ಸೀಲನ್ನು ಕತ್ತರಿಸುತ್ತದೆ, ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಹೊಕ್ಕಿದೆ ಎಂದೇ ಲೆಕ್ಕ. ಶಾಫ್ಟಿನ ಹಲ್ಲುಗಳಿಗೆ ಉಪ್ಪುನೀರಿನ ಗ್ರೀಸ್ ಹಚ್ಚಿ, ವಾಷರಿನ ಮುಖ ಉಲ್ಟಾ ಆಗದಂತೆ ಕೂರಿಸಿ, ನಟ್ಟಿಗೆ ಪ್ರತಿ ಸಲ ಹೊಸ ಸ್ಪ್ಲಿಟ್ ಪಿನ್ನೇ ಹಾಕಿ.

ಈಗ ಇಲಾಖೆಯವರಿಗೆ ಕೋರಿಕೆ. ಸಹಾಯಧನದ ಕಡತದಲ್ಲಿ ಬಿಲ್ಲು, ಎಂಜಿನ್ ನಂಬರು, ಫೋಟೋ ಎಲ್ಲ ಕೇಳುತ್ತೀರಿ. ಅದರ ಜೊತೆ ಒಂದು ಹಾಳೆ ಸೇರಿಸಿ: ಹಿಂಬದಿ ಹಲಗೆಯ ಎತ್ತರ, ಕಾಲಿನ ಉದ್ದ, ಫ್ಯಾನಿನ ಎರಡು ಅಂಕಿ, ತುಂಬಿದಾಗ ಮತ್ತು ಖಾಲಿ ಇದ್ದಾಗ ಪೂರ್ತಿ ಥ್ರಾಟಲ್‌ನ ಸುತ್ತು, ಎರಡು ದಿಕ್ಕಿನ ವೇಗದ ಸರಾಸರಿ. ಸುತ್ತು ಕೈಪಿಡಿಯ ಮಿತಿಯೊಳಗೆ ಬಾರದಿದ್ದರೆ ಮಾರಿದವರು ಬೇರೆ ಪಿಚ್ಚಿನ ಫ್ಯಾನು ಬದಲಿಸಿ ಕೊಡಲೇಬೇಕು ಎಂಬ ಷರತ್ತು ಟೆಂಡರಿನಲ್ಲೇ ಇರಲಿ. ಪ್ರತಿ ಇಳಿದಾಣದ ಸಹಕಾರಿ ಸಂಘದಲ್ಲಿ ಎರಡು ಟ್ಯಾಕೋಮೀಟರ್, ಪರೀಕ್ಷೆಗೆಂದು 7ರಿಂದ 11 ಇಂಚು ಪಿಚ್ಚಿನ ನಾಲ್ಕೈದು ಫ್ಯಾನು ಇಟ್ಟರೆ ಸಾಕು, ತಾಂಡೇಲರು ಸರದಿಯಲ್ಲಿ ಒಯ್ದು ನೋಡಿಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಈ ಕೆಲಸ ಮುಗಿಯಬೇಕು. ಜೂನ್‌ನಲ್ಲಿ ಕಡಲು ಎದ್ದ ಮೇಲೆ ಹೊಳೆಯಲ್ಲಿ ಪರೀಕ್ಷೆ ಓಟಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

— ಔಟ್‌ಬೋರ್ಡ್ ಎಂಜಿನ್ ಮೆಕ್ಯಾನಿಕ್, ಗಂಗೊಳ್ಳಿ