ಪಿಎಚ್‌ಡಿ ಮುಗಿಯಿತು, ಇನ್ನು ಋಣದ ಲೆಕ್ಕ

ಕಳೆದ ವಾರ ವೈವಾ ಮುಗಿಯಿತು. ಪದವಿಯ ಕಾಗದಪತ್ರ ಕೈಗೆ ಬರುವುದು ಇನ್ನೂ ಬಾಕಿ. ಆದರೆ ಅತ್ತೆ ಆಗಲೇ ಬೀದಿಯವರಿಗೆಲ್ಲ "ನಮ್ಮ ಸೊಸೆ ಡಾಕ್ಟರು, ಆದರೆ ಸೂಜಿ ಚುಚ್ಚುವ ಡಾಕ್ಟರಲ್ಲ" ಎಂದು ಹೇಳಿ ಬಂದಿದ್ದಾರೆ. ಫೋನ್ ಮಾಡಿದವರಿಗೆ, ಸಂದೇಶ ಕಳಿಸಿದವರಿಗೆ ಒಬ್ಬೊಬ್ಬರಿಗೇ ಉತ್ತರ ಬರೆಯಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ನಡುವಿನ ವರ್ಷಗಳಲ್ಲಿ ಏನೇನಾಯಿತು ಎಂಬುದು ನಿಮಗೆ ಗೊತ್ತು. ಅಪ್ಪ ಹೋದ ವಿಷಯವೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ಗೈಡ್ ಅವರಿಗೆ, ಮಗಳನ್ನು ಮಲಗಿಸುವ ಕೆಲಸವನ್ನು ಪೂರ್ತಿ ವಹಿಸಿಕೊಂಡ ಗಂಡನಿಗೆ, ಅತ್ತೆಗೆ, ಅಮ್ಮನಿಗೆ, ಶಾಲೆಯ ವ್ಯಾನ್ ತಪ್ಪಿದಾಗಲೆಲ್ಲ ಸ್ಕೂಟರ್ ತೆಗೆದ ಪಕ್ಕದ ಮನೆಯವರಿಗೆ, ಲ್ಯಾಬಿನ ಹುಡುಗ ಹುಡುಗಿಯರಿಗೆ ಇಲ್ಲಿ ಒಂದೇ ಉಸಿರಿನಲ್ಲಿ ನಮಸ್ಕಾರ. ಯಾರೂ ಮುನಿಸಿಕೊಳ್ಳಬೇಡಿ. ಪ್ರಬಂಧದ ಕೃತಜ್ಞತೆಯ ಪುಟಗಳಲ್ಲಿ ನಿಮಗೆಲ್ಲ ಒಂದೊಂದು ಪ್ಯಾರಾ ಸಂದಿದೆ. ಅಲ್ಲಿ ರೂಢಿಯಂತೆ 'ತಾಂತ್ರಿಕ ನೆರವು' ಎಂಬ ಸಾಲಿನಲ್ಲಿ ಬರೀ ಒಂದು ಹೆಸರಾಗಿ ಉಳಿದವರು ಲ್ಯಾಬಿನ ಅಕ್ಕ. ಇಲ್ಲಿ ಲೆಕ್ಕ ತಿರುವು ಮುರುವು ಮಾಡುತ್ತಿದ್ದೇನೆ.

ಅಕ್ಕ ಡಿಪ್ಲೊಮಾ ಮುಗಿಸಿದ ಕೂಡಲೇ ಕೆಲಸಕ್ಕೆ ಸೇರಿದವರು. ಆಂಟೆನಾ ಅಳೆಯುವ ಚೇಂಬರಿನ ಬೀಗದ ಕೈ ಅವರ ಬಳಿ ಇರುತ್ತದೆ. ನೋಡದವರಿಗಾಗಿ ಹೇಳುತ್ತೇನೆ: ಅದೊಂದು ಕಿಟಕಿಯಿಲ್ಲದ ಕೋಣೆ. ಗೋಡೆ, ಛಾವಣಿಗಳ ತುಂಬ ಇಂಗಾಲ ಬೆರೆಸಿದ ಸ್ಪಂಜಿನ ಮೊನಚು ಪಿರಮಿಡ್‌ಗಳು. ಬಂದ ರೇಡಿಯೊ ತರಂಗವನ್ನು ಹಿಂದಿರುಗಿಸದೆ ನುಂಗಿಬಿಡುತ್ತವೆ. ನಡುವೆ ಆಂಟೆನಾವನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಯಾವ ದಿಕ್ಕಿಗೆ ಎಷ್ಟು ಶಕ್ತಿ ಹೋಗುತ್ತದೆ ಎಂದು ಅಳೆಯಬೇಕು. ಇದರ ಗಣಿತವನ್ನು ನಾನು ಎಂ.ಟೆಕ್‌ನಲ್ಲೇ ಕಲಿತಿದ್ದೆ. ಅಳೆಯುವುದನ್ನು ಕಲಿಸಿದವರು ಅಕ್ಕ. ಕೇಬಲ್ ಮೇಲೆ ಬೆರಳಾಡಿಸುತ್ತಾ ಸಿಗ್ನಲ್ ಅಳೆಯುವ ಯಂತ್ರವಾದ ಅನಲೈಸರಿನ ಪರದೆಯನ್ನು ನೋಡುತ್ತಾರೆ. ಗೆರೆ ಒಂದು ಕಡೆ ಚಂಗನೆ ಹಾರಿದರೆ "ಇಲ್ಲಿದೆ ನೋಡು ರೋಗ" ಎಂದು ಕೇಬಲನ್ನು ಬದಿಗಿಡುತ್ತಾರೆ. ಕನೆಕ್ಟರನ್ನು ಕೈಬಲದಿಂದ ಬಿಗಿಯಲು ಬಿಡುವುದಿಲ್ಲ. ಬೇಕಾದಷ್ಟೇ ಬಿಗಿಯುವ ಟಾರ್ಕ್ ವ್ರೆಂಚ್ ಟಕ್ ಎನ್ನಬೇಕು, ಅಲ್ಲಿಗೆ ನಿಲ್ಲಬೇಕು.

ಆ ರಾತ್ರಿಯ ವಿಷಯ. ಅಪ್ಪನ ವೈಕುಂಠ ಮುಗಿಸಿ ಊರಿನಿಂದ ಬಂದ ವಾರ ಅದು. ಪ್ರಬಂಧದ ಮುಖ್ಯ ಲೇಖನಕ್ಕೆ ವಿಮರ್ಶಕರು ಎಲ್ಲವನ್ನೂ ಮತ್ತೊಮ್ಮೆ ಅಳೆದು ತೋರಿಸಿ ಎಂದಿದ್ದರು, ಗಡುವು ಎದುರಿಗೇ ಇತ್ತು, ಹಗಲಿನಲ್ಲಿ ಚೇಂಬರು ಬೇರೆಯವರ ಪಾಲಾಗಿತ್ತು. ಸಾಲದ್ದಕ್ಕೆ ಹತ್ತು ಗಂಟೆಯ ಹೊತ್ತಿಗೆ ಏಸಿ ಕೈಕೊಟ್ಟಿತು. ಸೆಕೆ ಏರಿದಂತೆ ಮಾಪನದ ಗೆರೆ ಮೆಲ್ಲಗೆ ಜಾರತೊಡಗಿತು. ಕ್ಯಾಲಿಬ್ರೇಷನ್ ಮಾಡಿ ಯಂತ್ರದ ಅಳತೆಯನ್ನು ಸರಿಹೊಂದಿಸಿದಷ್ಟೂ ಜಾರಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲ, ಯಾರ ಕರೆಯೂ ತಲುಪುವುದಿಲ್ಲ. ಅಪ್ಪ ಹೋದ ದಿನವೂ ನಾನು ಅಲ್ಲೇ ಇದ್ದೆ. ಹೊರಗೆ ಬಂದು ನೋಡಿದರೆ ತಮ್ಮನ ಕರೆಗಳು ಸಾಲಾಗಿ ನಿಂತಿದ್ದವು. ಅದೇ ಕೋಣೆಯಲ್ಲಿ ಮತ್ತೆ ನಿಂತು, ಯಾರ ಸಲುವಾಗಿ ಇದೆಲ್ಲ ಎಂದು ಅತ್ತುಬಿಟ್ಟೆ. ಬಿಟ್ಟುಬಿಡುತ್ತೇನೆ ಎಂದು ಆಗಲೇ ತೀರ್ಮಾನಿಸಿದ್ದೆ.

ಸಂಜೆಯೇ ಮನೆಗೆ ಹೋಗಬಹುದಿದ್ದ ಅಕ್ಕ ಬಾಗಿಲು ತೆರೆದರು. ಸಮಾಧಾನದ ಮಾತು ಆಡಲಿಲ್ಲ. "ಅಲ್ಲಿ ಒರಗಬೇಡಮ್ಮ, ಪಿರಮಿಡ್ಡಿನ ತುದಿ ಮುರಿಯುತ್ತದೆ. ಅಳುವುದಿದ್ದರೆ ಹೊರಗೆ ಬಾ" ಎಂದರು. ಮೆಟ್ಟಿಲ ಮೇಲೆ ಕೂರಿಸಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟರು. ಅಪ್ಪನಿಗೆ ಊಟಕ್ಕೆ ಏನು ಇಷ್ಟವಿತ್ತು ಎಂದು ಕೇಳಿದರು. ಅಪ್ಪೆಹುಳಿ ಎಂದೆ. ಬಯಲುಸೀಮೆಯವರಾದ ಅವರಿಗೆ ಅದು ಗೊತ್ತಿರಲಿಲ್ಲ. ಹೇಗೆ ಮಾಡುತ್ತಾರೆ ಎಂದು ವಿಚಾರಿಸಿದರು. ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ಬೆರೆಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಡುವವರೆಗೆ ಹೇಳಿದೆ. ಇಂಗು ಎಷ್ಟು ಎಂದು ಕೇಳಿದರು. ಅದಕ್ಕೂ ಉತ್ತರ ಹೇಳಿದೆ. ಅಷ್ಟರಲ್ಲಿ ಅಳು ನಿಂತಿತ್ತು.

ನಸುಕಿನಲ್ಲಿ ಕೋಣೆ ತಣ್ಣಗಾದ ಮೇಲೆ ಮೊದಲಿನಿಂದ ಶುರುಮಾಡಿದೆವು. ನಾಲ್ಕನೇ ಅಧ್ಯಾಯದ ಗ್ರಾಫ್‌ಗಳೆಲ್ಲ ಆ ಬೆಳಗಿನವು. ಅಕ್ಕ ಮನೆಗೆ ಹೋಗಿ ಸ್ನಾನ ಮಾಡಿ ಎಂದಿನ ಹೊತ್ತಿಗೇ ಕೆಲಸಕ್ಕೆ ಬಂದರು.

ನಮ್ಮ ಕ್ಷೇತ್ರಕ್ಕೆ ಕಾಲಿಟ್ಟ ಹೆಣ್ಣುಮಕ್ಕಳಿಗೆಲ್ಲ ರಾಜೇಶ್ವರಿ ಚಟರ್ಜಿಯವರ ಕಥೆ ಹೇಳುತ್ತಾರೆ, ಹೇಳಲೇಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್‌ಸಿ. ಮಾಡಿ, 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದವರು. 1947ರಲ್ಲಿ ಹಡಗು ಹತ್ತಿ ಮಿಷಿಗನ್‌ಗೆ ಹೋದವರು. ಹಿಂತಿರುಗಿ ಇಲ್ಲಿ ಮೈಕ್ರೋವೇವ್ ಸಂಶೋಧನೆಗೆ ಬುನಾದಿ ಹಾಕಿದವರು. ಅವರ ಬದುಕಿನಲ್ಲಿ ನನ್ನನ್ನು ಸೆಳೆಯುವುದು ಯಾರೂ ಎತ್ತಿ ಹೇಳದ ಒಂದು ಭಾಗ: ಮಿಷಿಗನ್ನಿನ ಎರಡು ಪದವಿಗಳ ನಡುವೆ ಅವರು ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟಾಂಡರ್ಡ್ಸ್‌ನಲ್ಲಿ 8 ತಿಂಗಳು ರೇಡಿಯೊ ಆವರ್ತನಗಳ ಮಾಪನವನ್ನೇ ಕಲಿತರು. ಸಮೀಕರಣ ಬಲ್ಲವರೂ ಅಳತೆಯ ಮೇಜಿನ ಮುಂದೆ ಮತ್ತೆ ವಿದ್ಯಾರ್ಥಿಯಾಗಬೇಕು. ಅಂಥ ಮೇಜುಗಳ ಪಕ್ಕ ನಿಂತು ಕಲಿಸುವವರ ಹೆಸರು ಜೀವನಚರಿತ್ರೆಗಳಲ್ಲಿ ಬರುವುದು ಕಡಿಮೆ.

ಹೊಸದಾಗಿ ಸೇರಿದ ಹುಡುಗಿಯರು ಸಲಹೆ ಕೇಳುತ್ತಿದ್ದೀರಿ. ಧೈರ್ಯವಾಗಿರಿ ಎಂದು ವೇದಿಕೆಯಲ್ಲಿ ಹೇಳುವವರು ಬೇಕಾದಷ್ಟು ಇದ್ದಾರೆ. ನಾನು ಹೇಳುವುದು ನಿಯಮ ಓದಿ ಎಂದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ಪಿಎಚ್‌ಡಿ ನಿಯಮಗಳಲ್ಲೂ 2022ರವುಗಳಲ್ಲೂ ಹೆರಿಗೆ ಅಥವಾ ಮಕ್ಕಳ ಆರೈಕೆಗೆಂದು 240 ದಿನಗಳವರೆಗೆ ರಜೆಗೆ ಅವಕಾಶವಿದೆ, ಗರಿಷ್ಠ ಅವಧಿಯಲ್ಲಿ ಮಹಿಳೆಯರಿಗೆ 2 ವರ್ಷಗಳ ಸಡಿಲಿಕೆಯೂ ಇದೆ. ಕಚೇರಿಯವರು ತಾವಾಗಿ ಹೇಳಲಿ ಎಂದು ಕಾಯಬೇಡಿ. ನನಗೆ ಯಾರೂ ಹೇಳಲಿಲ್ಲ. ಇನ್ನೊಂದು, ಬೀಗದ ಕೈ ಇರುವವರನ್ನು ಸೇರಿದ ವಾರವೇ ಹುಡುಕಿಕೊಂಡು ಹೋಗಿ. ಕೆಲಸ ಮಾಡಿಸಿಕೊಳ್ಳಲು ಅಲ್ಲ, ಕಲಿಯಲು.

ಅಕ್ಕ ಮುಂದಿನ ವರ್ಷ ನಿವೃತ್ತರಾಗುತ್ತಾರೆ. ಅವರ ಬಳಿ ಉದ್ದನೆಯ ರಿಜಿಸ್ಟರ್ ಒಂದಿದೆ: ಯಾವ ಕೇಬಲ್ ಎಷ್ಟು ಗಿಗಾಹರ್ಟ್ಸ್ ದಾಟಿದರೆ ಕೆಡುತ್ತದೆ, ಯಾವ ಅಡಾಪ್ಟರ್ ನಂಬಬಾರದು, ಎಲ್ಲವೂ ದುಂಡಗಿನ ಕನ್ನಡದಲ್ಲಿ. ಅದನ್ನು ಟೈಪ್ ಮಾಡಿ ಲ್ಯಾಬಿಗೆ ಕೈಪಿಡಿಯಾಗಿ ಮಾಡಲು ಕುಳಿತಿದ್ದೇನೆ. ಅಲ್ಲಿ ಕೆಲಸ ಮಾಡಿ ಹೋದವರು ಯಾರಾದರೂ ಓದುತ್ತಿದ್ದರೆ, ಅಕ್ಕ ನಿಮಗೆ ಹೇಳಿಕೊಟ್ಟಿದ್ದನ್ನು ಬರೆದು ಕಳಿಸಿ. ಕೈಪಿಡಿಗೆ ಅವರು ಒಪ್ಪಿದ್ದಾರೆ. ಮುಖಪುಟದಲ್ಲಿ ತಮ್ಮ ಹೆಸರು ಮಾತ್ರ ಬೇಡವಂತೆ. ಆ ಜಗಳ ಇನ್ನೂ ನಡೆಯುತ್ತಿದೆ.