ಪರದೆಯ ಬಣ್ಣ ಬಳಕೆದಾರರ ಕೈಗೆ ಮರಳಲಿ

ಮಾನ್ಯ ಸಂಪಾದಕರೇ,

ಡೆಸ್ಕ್‌ಟಾಪ್‌ನ ಥೀಮ್, ಅಂದರೆ ಪರದೆಯ ಬಣ್ಣ-ವಿನ್ಯಾಸ, ಬದಲಿಸುತ್ತ ಕೂರುವುದು ಕೆಲಸವಿಲ್ಲದವರ ಶೋಕಿ ಎಂಬ ಮಾತನ್ನು ಆಗಾಗ ಕೇಳುತ್ತೇನೆ. ದಿನಕ್ಕೆ ಎಂಟು ಗಂಟೆ ಪರದೆಯ ಮುಂದೆ ಕುಳಿತು ಕರಡು ತಿದ್ದುವ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ನಾಲ್ಕು ಫೈಲುಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡಾಗ, ಟೈಪ್ ಮಾಡಿದ್ದು ಯಾವುದಕ್ಕೆ ಹೋಗುತ್ತದೆ ಎಂಬುದು ಫೈಲಿನ ಹೆಸರಿರುವ ಮೇಲಿನ ಪಟ್ಟಿಯ, ಅಂದರೆ ಟೈಟಲ್ ಬಾರ್‌ನ, ಬಣ್ಣದಿಂದಲೇ ತಿಳಿಯಬೇಕು. ಈಗ ಎಲ್ಲವೂ ಒಂದೇ ತಿಳಿಬೂದು. ಒಂದರಲ್ಲಿ ಮಾಡಬೇಕಾದ ತಿದ್ದುಪಡಿಯನ್ನು ಇನ್ನೊಂದರಲ್ಲಿ ಮಾಡಿ ಪೇಚಾಡಿದ್ದು ಒಂದೆರಡು ಸಲವಲ್ಲ.

ಹಳೆಯ ವಿಂಡೋಸ್‌ನಲ್ಲಿ ಟೈಟಲ್ ಬಾರ್‌ನ ಬಣ್ಣ, ಮೆನುವಿನ ಅಕ್ಷರದ ಗಾತ್ರ, ಸ್ಕ್ರಾಲ್ ಬಾರ್‌ನ ಅಗಲ ಇವುಗಳಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬಹುದಿತ್ತು. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಹಳೆಯ ಮಾದರಿಯ ‘ಕ್ಲಾಸಿಕ್’ ಥೀಮ್ ಹೋಯಿತು, ಅದರೊಂದಿಗೆ ಈ ಅನುಕೂಲಗಳಲ್ಲಿ ಹೆಚ್ಚಿನವೂ ಹೋದವು. ಈಗಲೂ ಟೈಟಲ್ ಬಾರ್‌ಗೆ ಒಂದು ಬಣ್ಣ ಆರಿಸಿಕೊಳ್ಳಬಹುದು, ನಿಜ. ಆದರೆ ಅನೇಕ ತಂತ್ರಾಂಶಗಳು ಟೈಟಲ್ ಬಾರನ್ನು ತಮ್ಮದೇ ಬಣ್ಣದಲ್ಲಿ ತಾವೇ ರಚಿಸಿಕೊಳ್ಳುವುದರಿಂದ ನಮ್ಮ ಆಯ್ಕೆ ಅವುಗಳಿಗೆ ತಾಗುವುದೇ ಇಲ್ಲ. ಅಕ್ಷರವನ್ನು ಹಿನ್ನೆಲೆಯಿಂದ ಎದ್ದು ಕಾಣಿಸುವ ಹೈ ಕಾಂಟ್ರಾಸ್ಟ್ ಥೀಮ್ ದೃಷ್ಟಿ ಮಂದವಾದವರಿಗೆ ದೊಡ್ಡ ಆಸರೆ, ಆದರೆ ಅದು ಬ್ರೌಸರ್‌ನ ಪುಟಗಳ ಬಣ್ಣವನ್ನೂ ಬದಲಿಸಿಬಿಡುವುದರಿಂದ ನನ್ನಂಥವರ ಕೆಲಸಕ್ಕೆ ಒದಗುವುದಿಲ್ಲ.

ವಿಂಡೋಸ್‌ನಂಥದೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಎಂಬ ಡೆಸ್ಕ್‌ಟಾಪ್ ಕೂಡ 2022ರ 42ನೇ ಆವೃತ್ತಿಯಿಂದ ಇದೇ ದಾರಿ ಹಿಡಿದಿದೆ. ಗುಂಡಿ, ಮೆನುಗಳನ್ನು ರಚಿಸುವ ಹೊಸ ಲೈಬ್ರರಿಯನ್ನು (ಸಿದ್ಧ ಕೋಡಿನ ಸಂಗ್ರಹವನ್ನು) ಬಳಸುವ ಅದರ ತಂತ್ರಾಂಶಗಳು, ಬಳಕೆದಾರರು ಹಾಕಿಕೊಂಡ ಥೀಮ್ ಯಾವುದೇ ಇರಲಿ, ಮೂಲ ಥೀಮಿನಲ್ಲೇ ಕಾಣಿಸಿಕೊಳ್ಳುತ್ತವೆ. ಆ ಮೂಲ ಥೀಮಿನ ಹೆಸರು ‘ಅದ್ವೈತ’ ಎಂಬುದು ಕಾಕತಾಳೀಯವಿದ್ದೀತು, ಎರಡನೆಯದಕ್ಕೆ ಅಲ್ಲಿ ಜಾಗವಿಲ್ಲದಿರುವುದಂತೂ ಹೌದು.

ತಂತ್ರಾಂಶ ಬರೆಯುವವರ ಅಳಲನ್ನು ನಾನು ತಳ್ಳಿಹಾಕುವುದಿಲ್ಲ. ಯಾರೋ ಹೊರಗಿನವರು ರಚಿಸಿದ ಥೀಮಿನಲ್ಲಿ ಗುಂಡಿಯ ಮೇಲಿನ ಅಕ್ಷರ ಹಿನ್ನೆಲೆಯ ಬಣ್ಣದಲ್ಲಿ ಕರಗಿಹೋದರೆ ದೂರು ಬರುವುದು ಇವರಿಗೇ. ಇನ್ನೂ ಗಂಭೀರವಾದದ್ದು 2024ರ ಮಾರ್ಚ್‌ನಲ್ಲಿ ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇಯಲ್ಲಿ ನಡೆಯಿತು: ಬಳಕೆದಾರರೊಬ್ಬರು ಹಾಕಿಕೊಂಡ ಗ್ಲೋಬಲ್ ಥೀಮ್ (ಇಡೀ ಡೆಸ್ಕ್‌ಟಾಪ್‌ನ ರೂಪವನ್ನು ಒಮ್ಮೆಗೇ ಬದಲಿಸುವಂಥದು) ಅವರ ಫೈಲುಗಳನ್ನೇ ಅಳಿಸಿಹಾಕಿತು, ಏಕೆಂದರೆ ಆ ಬಗೆಯ ಥೀಮ್ ಬಣ್ಣಗಳ ಜೊತೆಗೆ ಕಂಪ್ಯೂಟರಿನಲ್ಲಿ ಓಡುವ ಕೋಡನ್ನೂ ಹೊತ್ತು ತರಬಲ್ಲದು. ಆದರೆ ಅದೇ ಕೆಡಿಇಯಲ್ಲಿ ಬಣ್ಣಗಳಿಗೆಂದೇ ಪ್ರತ್ಯೇಕ ಕಡತವಿದೆ. ತೆರೆದು ನೋಡಿದರೆ ಅದರಲ್ಲಿರುವುದು ಬಣ್ಣದ ಹೆಸರು ಮತ್ತು ಅಂಕಿಗಳ ಸಾಲುಗಳಷ್ಟೇ. ಅದು ಯಾರ ಫೈಲನ್ನೂ ಅಳಿಸಲಾರದು.

ಕೋಡ್ ಹೊತ್ತ ಥೀಮ್‌ಗೆ ಎಷ್ಟು ಬೇಕಾದರೂ ಕಡಿವಾಣ ಹಾಕಲಿ. ಬಣ್ಣ ಮತ್ತು ಅಳತೆಗಳ ಇಂಥ ಪಟ್ಟಿಯನ್ನು ಮಾತ್ರ ಎಲ್ಲ ತಂತ್ರಾಂಶಗಳೂ ಮಾನ್ಯ ಮಾಡಲಿ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸದ ಅನುಪಾತ), ವೆಬ್ ಪುಟಗಳಿಗೆ ಈಗಾಗಲೇ ನಿಗದಿಯಾಗಿರುವ 4.5:1ಕ್ಕಿಂತ ಇಳಿದರೆ ಅಲ್ಲೇ ಎಚ್ಚರಿಕೆ ಕೊಡಲಿ. ಮೆನುವಿನ ಸಾಲಿನ ಎತ್ತರವನ್ನೂ ಆ ಪಟ್ಟಿಗೆ ಸೇರಿಸಿದರೆ, ಕನ್ನಡದ ಒತ್ತಕ್ಷರಗಳು ಬುಡದಲ್ಲಿ ಅರ್ಧ ಕತ್ತರಿಸಿ ಕಾಣುವ ತೊಂದರೆಯೂ ತಪ್ಪುತ್ತದೆ.

ಇಂತಿ,
ಓದುಗರೊಬ್ಬರು